ಎತ್ತಿನ ಕಲಮಿನಲ್ಲಿ ನಲವತ್ತೊಂದು ಹೆಸರು

ಕೆಳಗಿನ ಹಟ್ಟಿ, ದೇವಸಮುದ್ರ ಹೋಬಳಿ
14 ನವೆಂಬರ್ 1997

ಮಹಾಸಂಶೋಧಕ ಹೊನ್ನೂರಸ್ವಾಮಿಯವರ ಸನ್ನಿಧಾನಕ್ಕೆ, ನಿವೃತ್ತ ಪೋಸ್ಟ್‌ಮಾಸ್ಟರ್ ಬೊಮ್ಮಲಿಂಗಪ್ಪ ಮಾಡುವ ಸಾಷ್ಟಾಂಗ. ಸಾಷ್ಟಾಂಗ ಕಾಗದದ ಮೇಲೆ ಮಾತ್ರ. ಮಂಡಿಗಳೆರಡೂ ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿವೆ.

ವಿಷಯ ಗಹನವಾಗಿದೆ. ಯುಗಾದಿಯಾದ ಮೂರನೇ ದಿನ ನಿಮ್ಮ ಮೇಲಿನ ಹಟ್ಟಿಯ ದೇವರೆತ್ತುಗಳು ಹಳ್ಳ ದಾಟಿ ದಡ್ಡಿ ಸೇರುತ್ತವೆ. ಅವುಗಳ ಮುಂದೆ ನಮ್ಮ ಕೆಳಗಿನ ಹಟ್ಟಿಯ ಒಬ್ಬ ಗಂಡಸು ಬರಿಗಾಲಲ್ಲಿ ಅಕ್ಕಿ ಮೂಟೆ ಹೊತ್ತು ನಡೆಯುತ್ತಾನೆ. ದಡ್ಡಿಯ ಬಾಗಿಲಲ್ಲಿ ಎತ್ತು ಕಾಯುವ ಕಿಲಾರಿ, ಅಂದರೆ ನಿನ್ನ ಅಣ್ಣ ಗಾದ್ರಪ್ಪ, ಮೊದಲು ಆ ಗಂಡಸಿನ ಬೆನ್ನು ತಟ್ಟಿ ‘ಒಂದು’ ಎನ್ನುತ್ತಾನೆ. ಆಮೇಲೆ ಎತ್ತುಗಳನ್ನು ಎರಡರಿಂದ ಎಣಿಸುತ್ತ ಒಳಗೆ ಬಿಡುತ್ತಾನೆ. ಇದೆಲ್ಲ ನಿನಗೆ ಹೇಳಬೇಕಾಗಿಲ್ಲ. ಕಿಲಾರಿ ಮನೆಯಲ್ಲಿ ಹುಟ್ಟಿ, ಒಂದು ದಿನವೂ ಸಗಣಿ ಬಾಚದೆ ಲೆಕ್ಚರರ್ ಆದವನು ನೀನು. ಆದರೂ ಹೇಳುತ್ತೇನೆ, ಹೇಳುವಾಗ ನನಗೆ ಸುಖವಾಗುತ್ತದೆ. ಮನುಷ್ಯನಿಗೆ ಮೊದಲ ಮರ್ಯಾದೆ, ದೇವರೆತ್ತಿಗೆ ಎರಡನೆಯದು. ಇಂಥದ್ದು ಈ ತಾಲ್ಲೂಕಿನ ಯಾವ ಎಮ್ಮೆಲ್ಲೆಗೂ ದಕ್ಕಿಲ್ಲ.

ಅಪ್ಪ ಮೂವತ್ತೊಂದು ವರ್ಷ ಹೊತ್ತ. ನಾನು ಇಪ್ಪತ್ತೆರಡು ವರ್ಷ, ಅಷ್ಟೂ ವರ್ಷ ಇಲಾಖೆಗೆ ‘ವಾಂತಿಭೇದಿ’ ಎಂದು ರಜಾ ಚೀಟಿ ಬರೆದು ಹೊತ್ತೆ. ಮುಂದೆ ಮಗ ಪ್ರದೀಪ ಹೊರಬೇಕು. ಈ ಶುಭಸಂದರ್ಭದಲ್ಲಿ ನಮ್ಮ ದಾಯಾದಿ ಬೋರಣ್ಣ ಕಟ್ಟೆಯ ಮೇಲೆ ಎದ್ದು ನಿಂತು ಏನಂದ ಗೊತ್ತೇ?

“ಮೂಟೆ ನಮ್ಮ ಕವಲಿಂದು ಕಣ್ರಪ್ಪ. ನಮ್ಮಜ್ಜಗೆ ಒಂದು ವರ್ಷ ಜ್ವರ ಬಂದಿತ್ತು ಅಂತ ಇವರಪ್ಪ ಹೊತ್ತ. ಹೊತ್ತೋನು ಇವತ್ತಿನತನಕ ಕೆಳಗೆ ಇಳಿಸಿಲ್ಲ.”

ಹಿರಿಯರು ತಲೆ ಕೆರೆದುಕೊಂಡು, “ಯುಗಾದಿಯೊಳಗೆ ಇಬ್ರಲ್ಲಿ ಯಾರಾದ್ರೂ ಒಂದು ಆಧಾರ ತರ್ರಿ. ಇಲ್ಲಾಂದ್ರೆ ಚೀಟಿ ಎತ್ತಿಸ್ತೀವಿ” ಎಂದುಬಿಟ್ಟರು. ಐವತ್ತಮೂರು ವರ್ಷದ ಮರ್ಯಾದೆಗೆ ಚೀಟಿ!

ನಮ್ಮ ಮನೆಯ ಮಾತು ನಿನಗೂ ಗೊತ್ತು. ಇಂಗ್ಲೀಷರ ದಂಡು ದೇವರೆತ್ತು ಹೊಡೆದುಕೊಂಡು ಹೋಗಲು ಬಂದಾಗ ನಮ್ಮ ಹಿರೀಕ ಓಬಯ್ಯ ಅಡ್ಡ ನಿಂತನಂತೆ. ಅದಕ್ಕೆ ಮೆಚ್ಚಿ ನಿಮ್ಮ ಹಿರೀಕ, ಕಿಲಾರಿ ಪಾಲಯ್ಯ, ಈ ಮರ್ಯಾದೆ ಕೊಟ್ಟನಂತೆ. ನೀನು ಹನ್ನೊಂದು ವರ್ಷದಿಂದ ಆ ದಂಡಿನ ಬೆನ್ನು ಹತ್ತಿದ್ದೀಯ. ದಂಡೇ ಇಷ್ಟು ವರ್ಷ ಯುದ್ಧ ಮಾಡಿರಲಿಲ್ಲ. ಅದರಲ್ಲೆಲ್ಲಾದರೂ ಓಬಯ್ಯನ ಹೆಸರಿದ್ದರೆ ಹುಡುಕಿ ಕೊಡು. ಹಾಸ್ಟೆಲಿನಲ್ಲಿ ನಿನ್ನ ಪಾಲಿನ ಮುದ್ದೆಯನ್ನು ನಾನು ಎಂದೂ ಕದಿಯಲಿಲ್ಲ ಎಂಬುದು ನೆನಪಿರಲಿ.

ನಿನ್ನ
ಬೊಮ್ಮ


ಚಳ್ಳಕೆರೆ
29 ನವೆಂಬರ್ 1997

ಲೇ ಬೊಮ್ಮ,

ಮುದ್ದೆ ಕದಿಯಲಿಲ್ಲ ನಿಜ. ಸಾರು ಕದ್ದೆ.

ನನ್ನ ಸಂಶೋಧನೆಯನ್ನು ಆಡಿಕೊಳ್ಳಬೇಡ. ಇಬ್ಬರು ಮಾರ್ಗದರ್ಶಕರು ಅದನ್ನು ಓದುತ್ತ ಓದುತ್ತ ನಿವೃತ್ತರಾಗಿದ್ದಾರೆ. ನಾನು ಹುಡುಕುತ್ತಿರುವುದು ಯುದ್ಧವನ್ನಲ್ಲ. ಕಡಲಾಚೆಯಿಂದ ಬಂದ ದಂಡು ಉಂಡದ್ದೇನು, ಅದನ್ನು ತಂದವರು ಯಾರು, ತಂದವರಿಗೆ ಕೊಟ್ಟದ್ದೆಷ್ಟು ಎಂಬುದನ್ನು. ಸಿಪಾಯಿಗೆ ಸಂಬಳ ಮೂರು ತಿಂಗಳು ತಡ. ಬಂದರೂ ಅಂಗಿಗೆ ಇಷ್ಟು, ಬೂಟಿಗೆ ಇಷ್ಟು ಎಂದು ಹಿಡಿದುಕೊಂಡು, ಉಳಿದದ್ದನ್ನು ಯಾವ ಊರಿನಲ್ಲೂ ಚಲಾವಣೆಯಾಗದ ನಾಣ್ಯದಲ್ಲಿ ಕೊಡುತ್ತಿದ್ದರು. ನಮ್ಮ ಕಾಲೇಜಿನ ಆಡಳಿತ ಮಂಡಳಿ ಇದನ್ನು ಎಲ್ಲಿ ಕಲಿತಿತೆಂದು ಈಗ ತಿಳಿಯಿತು.

ಇನ್ನು ಅಕ್ಕಿ. ದಂಡಿಗೆ ಸ್ವಂತ ಎತ್ತು ಸಾಲದು. ಬಾಡಿಗೆಗೆ ಹಿಡಿಯಬೇಕು. ತಿಂಗಳಿಗೊಮ್ಮೆ ಎತ್ತುಗಳ ಹಾಜರಿ. ಅವತ್ತು ಬಯಲಲ್ಲಿ ನಿಂತ ಎತ್ತಿಗೆ ತಿಂಗಳ ಬಾಡಿಗೆ. ಮಾರನೆಯ ದಿನ ಅದು ಎಲ್ಲಿ ಹೋಯಿತೆಂದು ಕೇಳುವುದಕ್ಕೆ ಸಾಹೇಬನಿಗೆ ಭಾಷೆ ಬರುತ್ತಿರಲಿಲ್ಲ. ಒಂದೇ ಎತ್ತು ಕೊಂಬಿನ ಬಣ್ಣ ಬದಲಿಸಿ ಎರಡು ಸಲ ‘ಹಾಜರ್’ ಅಂದದ್ದೂ ಇದೆ. ಹುಡುಗರು ನನ್ನ ತರಗತಿಯಲ್ಲಿ ಮಾಡುವುದೂ ಇದನ್ನೇ, ಬಣ್ಣ ಕೂಡ ಬದಲಿಸದೆ.

1800ರಲ್ಲಿ ಒಂದು ದಂಡು ನಮ್ಮ ಕಡೆಯಿಂದ ಹಾದು ಉತ್ತರಕ್ಕೆ ಹೋಯಿತು. ಅದರ ಹಾಜರಿ ಪುಸ್ತಕಗಳು ಮದರಾಸಿನಲ್ಲಿವೆ. ಈಗ ಚೆನ್ನೈ ಅನ್ನಬೇಕಂತೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗುತ್ತೇನೆ. ಓಬಯ್ಯ ಅಡ್ಡ ನಿಂತಿದ್ದರೆ ಯಾವನಾದರೂ ಗುಮಾಸ್ತ ಖಂಡಿತ ಬರೆದಿರುತ್ತಾನೆ. ದಾರಿಗೆ ಅಡ್ಡ ಬಂದವರನ್ನು ಸರ್ಕಾರ ಮರೆಯುವುದಿಲ್ಲ.

ಹೊನ್ನೂರ


ಚೆನ್ನೈ (ಕಾರ್ಡು)
2 ಜನವರಿ 1998

ಬೊಮ್ಮ, ಸಿಕ್ಕಿತು. ನಿಮ್ಮ ಹಟ್ಟಿಯ ಹೆಸರಿದೆ. ಓಬಯ್ಯನ ಹೆಸರೂ ಇದೆ, ಕೈಗುರುತಿನ ಸಮೇತ. ಬೋರಣ್ಣನ ಕವಲಿನ ಒಬ್ಬನೂ ಇಲ್ಲ. ಈ ಪುಟ ಮಾತ್ರ ಓದಿದ್ದೇನೆ, ಹಿಂದಿನ ಪುಟಗಳನ್ನು ನಾಳೆ ನೋಡುತ್ತೇನೆ. ಇಲ್ಲಿಯ ಇಡ್ಲಿ ಚೆನ್ನಾಗಿದೆ. ಹೊ.


ಕೆಳಗಿನ ಹಟ್ಟಿ
9 ಜನವರಿ 1998

ಹೊನ್ನೂರಾ, ನಿನ್ನ ಬಾಯಿಗೆ ಸಕ್ಕರೆ ಹಾಕ. ಸಕ್ಕರೆ ಕಾಯಿಲೆ ಇದೆಯಲ್ಲವೇ, ಬೇಡ, ಬೆಲ್ಲ ಹಾಕ.

ಕಾರ್ಡು ಬರೆದದ್ದು ಉಪಕಾರವಾಯಿತು. ಕಾರ್ಡನ್ನು ಪೋಸ್ಟ್‌ಮನ್ ಓದುತ್ತಾನೆ ಎಂಬುದು ನನ್ನ ಮೂವತ್ತು ವರ್ಷದ ಸೇವೆಯ ಸಾರ. ನನ್ನ ಕೈಗೆ ಬರುವ ಹೊತ್ತಿಗೆ ಅರ್ಧ ಹಟ್ಟಿಗೆ ಬಾಯಿಪಾಠವಾಗಿತ್ತು. ಉಳಿದ ಅರ್ಧಕ್ಕೆ ನಾನೇ ಓದಿ ಹೇಳಿದೆ. ಬೋರಣ್ಣ ಚಾದಂಗಡಿಯಲ್ಲಿ ಕೂತಿದ್ದ. ಪಕ್ಕದಲ್ಲೇ ಕೂತು, ಅವನಿಗಲ್ಲ ಎನ್ನುವ ಹಾಗೆ, ಗಟ್ಟಿಯಾಗಿ ಮೂರು ಸಲ ಓದಿದೆ.

“ಇಡ್ಲಿ ಚೆನ್ನಾಗೈತೆ ಅಂತನೂ ಬರದೈತಲ್ಲೋ ಅಣ್ಣ, ಅದೂ ಆಧಾರನಾ?” ಅಂದ.

“ಕೈಗುರುತು ಐತೆ ಕಣ್ಲೇ, ಕೈಗುರುತು.”

“ಯಾತಕ್ಕೆ ಹಾಕಿದ ಕೈಗುರುತು?”

“ಮರ್ಯಾದಸ್ತರು ಹಾಕ್ತಾರೆ. ನಿನಗೆ ತಿಳಿಯಾಕಿಲ್ಲ ಬಿಡು.”

ಅವನ ಮುಖ ಸಣ್ಣದಾಯಿತು. ಕೂಡಲೇ ಅಯ್ಯೋ ಅನ್ನಿಸಿತು. ಆಮೇಲೆ ಅನ್ನಿಸಲಿಲ್ಲ. ಪ್ರದೀಪನಿಗೆ ಹೊಸ ರುಮಾಲು ತಂದಿದ್ದೇನೆ. ರೇಣುಕಮ್ಮ, “ಮೂಟೆ ಹೊರಾಕೆ ರೇಷ್ಮೆ ಅಂಚು ಬೇಕಾ?” ಎಂದಳು. ಹೆಂಡತಿಯರಿಗೆ ಚರಿತ್ರೆ ಅರ್ಥವಾಗುವುದಿಲ್ಲ.

ಪುಟದ ನಕಲು ಬೇಗ ಕಳಿಸು. ರಿಜಿಸ್ಟರ್ ಮಾಡು, ಖರ್ಚು ನನ್ನದು.

ಬೊಮ್ಮ


ಕೆಳಗಿನ ಹಟ್ಟಿ
8 ಫೆಬ್ರವರಿ 1998

ಹೊನ್ನೂರ,

ಇದು ಉತ್ತರವಿಲ್ಲದ ಮೂರನೆಯ ಕಾಗದ. ನೀನು ಬದುಕಿದ್ದೀಯ ಎಂದು ಪ್ರದೀಪ ಹೇಳಿದ. ತಾನು ಕೆಲಸ ಮಾಡುವ ಎಣ್ಣೆ ಮಿಲ್ಲಿನ ಎದುರು ನಿನ್ನನ್ನು ಕಂಡು ಕೈ ಎತ್ತಿದನಂತೆ, ನೀನು ತರಕಾರಿ ಗಾಡಿಯ ಹಿಂದೆ ಸರಿದೆಯಂತೆ. ಬದನೆಕಾಯಿ ಆರಿಸುತ್ತಿದ್ದೆ ಎಂದುಕೊಂಡಿದ್ದೇನೆ. ಚುನಾವಣೆಯ ಡ್ಯೂಟಿ ಬೇರೆ ಹಾಕಿರಬೇಕು. ಮತಪೆಟ್ಟಿಗೆ ಕಾಯುವವನಿಗೆ ಗೆಳೆಯನ ಮೂಟೆ ನೆನಪಾಗುವುದು ಕಷ್ಟವೇ.

ಅಥವಾ ಸಂಶೋಧಕರಿಗೆ ಕಾಣಿಕೆ ಸಲ್ಲಬೇಕೇ? ಸಂಕೋಚ ಬೇಡ. ಮೊಳಕಾಲ್ಮೂರಿನಿಂದ ನಿನ್ನ ಹೆಂಡತಿ ವನಜಾಕ್ಷಿಗೆ ಒಂದು ಸೀರೆ ಕಳಿಸುತ್ತಿದ್ದೇನೆ. ಪ್ರದೀಪನ ಕೈಯಲ್ಲಿ ನಕಲು ಕಳಿಸು. ಯುಗಾದಿ ಮಾರ್ಚ್ ಇಪ್ಪತ್ತೆಂಟಕ್ಕೇ ಬಂತು.

ಬೊಮ್ಮ


ಚಳ್ಳಕೆರೆ
20 ಫೆಬ್ರವರಿ 1998

ಆತ್ಮೀಯ ಬೊಮ್ಮಲಿಂಗಪ್ಪನವರಿಗೆ ನಮಸ್ಕಾರಗಳು.

ತಮ್ಮ ಪತ್ರಗಳು ತಲುಪಿವೆ. ತಡವಾದುದಕ್ಕೆ ಕ್ಷಮೆ ಇರಲಿ. ಸೀರೆಯನ್ನು ಹಿಂದಿರುಗಿಸುತ್ತಿದ್ದೇನೆ, ದಯವಿಟ್ಟು ತಪ್ಪು ತಿಳಿಯಬಾರದು. ಇಲ್ಲಿ ಈಗಲೇ ಬಿಸಿಲು ಜೋರಾಗಿದೆ.

ಆ ದಾಖಲೆಯ ವಿಚಾರ. ಅಕ್ಷರ ಮಾಸಿದೆ. ಅರ್ಥ ಖಚಿತವಿಲ್ಲ. ಅದನ್ನು ನಂಬಿ ಮುಂದುವರಿಯುವುದು ಸೂಕ್ತವಲ್ಲ ಎಂದು ನನ್ನ ಅಭಿಪ್ರಾಯ. ಪ್ರದೀಪನಿಗೆ ಮಿಲ್ಲಿನ ಕೆಲಸವೇ ಸಾಕಷ್ಟಿದೆ. ಬೋರಣ್ಣ ಅಷ್ಟೊಂದು ಆಸೆಪಡುತ್ತಿದ್ದರೆ ಅವನೇ ಹೊರಲಿ. ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡಿ.

ಹೊನ್ನೂರಸ್ವಾಮಿ


ಕೆಳಗಿನ ಹಟ್ಟಿ
7 ಮಾರ್ಚ್ 1998

ಶ್ರೀಮಾನ್ ಹೊನ್ನೂರಸ್ವಾಮಿಯವರಿಗೆ,

‘ತಮ್ಮ’ ಎಂದಿರಿ. ನಲವತ್ತು ವರ್ಷದಲ್ಲಿ ನೀನು ನನ್ನನ್ನು ಕರೆದ ಬೈಗುಳಗಳಲ್ಲೆಲ್ಲ ಇದೇ ಕೆಟ್ಟದ್ದು.

ಕಾಗದದ ಮೇಲಿನ ತಾರೀಕು ಇಪ್ಪತ್ತು ಫೆಬ್ರವರಿ. ಚಳ್ಳಕೆರೆ ಮುದ್ರೆ ಮೂರು ಮಾರ್ಚ್. ಹನ್ನೊಂದು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ್ದೀಯ. ಅಂಚು ಸವೆದಿದೆ, ಮಡಿಕೆಯಲ್ಲಿ ಬೆವರಿನ ಕಲೆ ಇದೆ. ಪೋಸ್ಟ್‌ಮಾಸ್ಟರನಿಗೆ ಸುಳ್ಳು ಹೇಳಬಹುದು, ಮುದ್ರೆಗೆ ಹೇಳಲಾಗದು.

ಜನವರಿಯಲ್ಲಿ ಕೈಗುರುತು ಕೂಡ ಕಂಡಿತ್ತು. ಫೆಬ್ರವರಿಯಲ್ಲಿ ಅಕ್ಷರ ಮಾಸಿತು. ಇನ್ನೂರು ವರ್ಷ ಮಾಸದ ಶಾಯಿ ಒಂದೇ ತಿಂಗಳಲ್ಲಿ ಮಾಸಲು ಏನು ಕಾರಣ? ಊರಲ್ಲಿ ವಿಚಾರಿಸಿದೆ. ಬೋರಣ್ಣನ ಮಗಳಿಗೆ ನಿಮ್ಮ ಕಾಲೇಜಿನಲ್ಲಿ ಸೀಟು ಕೊಡಿಸಿದವನು ನೀನೇ ಅಂತೆ. ಫೀಸಿನಲ್ಲಿ ರಿಯಾಯಿತಿಯೂ ಅಂತೆ. ಸಂತೋಷ. ಎತ್ತಿಗೆ ಬಾಡಿಗೆ ಕೊಡುತ್ತಿದ್ದರೆಂದು ಬರೆದಿದ್ದೆ. ಲೆಕ್ಚರರುಗಳ ದರ ಎಷ್ಟೆಂದು ಬರೆದಿರಲಿಲ್ಲ.

ರೇಣುಕಮ್ಮ ಹೇಳಿದಳು, “ಹೊನ್ನೂರಣ್ಣ ಅಂಥೋನಲ್ಲ. ಬ್ಯಾರೆ ಏನೋ ಐತೆ, ಕೇಳಿ ನೋಡ್ರಿ.” ಕೇಳುತ್ತಿದ್ದೇನೆ. ಇದೇ ಕೊನೆ. ಉತ್ತರ ಬಾರದಿದ್ದರೆ ನಿನ್ನನ್ನು ಹಾಸ್ಟೆಲಿನಲ್ಲೇ ಕಳೆದುಕೊಂಡೆ ಎಂದುಕೊಳ್ಳುತ್ತೇನೆ.

ಬೊಮ್ಮಲಿಂಗಪ್ಪ


ಚಳ್ಳಕೆರೆ
15 ಮಾರ್ಚ್ 1998

ಬೊಮ್ಮ,

ನಕಲು ಜೊತೆಯಲ್ಲಿದೆ. ರಿಜಿಸ್ಟರ್ ಮಾಡಿದ್ದೇನೆ. ಖರ್ಚು ನನ್ನದು.

ಬೋರಣ್ಣನ ಮಗಳು ತನ್ನ ಅಂಕದಿಂದ ಸೇರಿದಳು. ಆ ಮಾತು ಬಿಡು. ನೀನು ಊಹಿಸಿದ್ದಕ್ಕಿಂತ ನಾನು ಕೆಟ್ಟವನು.

ಜೂನ್ 1800. ಹಾಜರಿಯ ದಿನ ಕಿಲಾರಿ ಪಾಲಯ್ಯ ಹದಿನಾಲ್ಕು ಎತ್ತು ತಂದು ನಿಲ್ಲಿಸಿದ್ದಾನೆ. ‘ಉತ್ತಮ, ಬಿಳಿ, ಪಳಗದವು’ ಎಂದು ಗುಮಾಸ್ತ ಬರೆದುಕೊಂಡಿದ್ದಾನೆ. ಪಳಗದವು ಎಂದರೆ ನೊಗ ಕಾಣದವು. ನಮ್ಮ ದೇವರೆತ್ತುಗಳೇ, ಬೊಮ್ಮ. ದಂಡು ಎಳೆದುಕೊಂಡು ಹೋಗಲು ಬರಲಿಲ್ಲ, ನಮ್ಮವನೇ ಹೊಡೆದುಕೊಂಡು ಹೋದ. ಎಣಿಕೆಯಾಯಿತು, ಬಾಡಿಗೆ ಮುಂಗಡ ಸಿಕ್ಕಿತು, ಬೆಳಗಾಗುವಷ್ಟರಲ್ಲಿ ಎತ್ತುಗಳು ತಿರುಗಿ ತಾವು ಮೇಯುವ ಕಾವಲು ಸೇರಿದವು. ದೇವರ ಮೈಮೇಲೆ ಮೂಟೆ ಬೀಳಲಿಲ್ಲ, ಸಾಹೇಬನ ದುಡ್ಡೂ ಬಂತು. ಇಷ್ಟಕ್ಕೇ ನಿಂತಿದ್ದರೆ ನಾನೇ ನಿನಗೆ ಇದನ್ನು ತಮಾಷೆಯಾಗಿ ಬರೆದು ಕಳಿಸುತ್ತಿದ್ದೆ.

ಬಯಲಲ್ಲಿ ಹದಿನಾಲ್ಕು ಎತ್ತಿನ ಅಕ್ಕಿ ಉಳಿಯಿತು. ಪಾಲಯ್ಯನನ್ನು ಹಿಡಿದು ತರಿಸಿದರು. ಅವನು ಎತ್ತು ಕೊಡಲಿಲ್ಲ, ದುಡ್ಡು ವಾಪಸ್ಸು ಕೊಡಲಿಲ್ಲ. ಬದಲಿ ಕೊಡುತ್ತೇನೆ ಎಂದ. ಕೆಳಗಿನ ಹಟ್ಟಿಗೆ ಬಂದು, ದೇವರ ಮೂಟೆ, ಒಂದು ದಿನದ ದಾರಿ, ಗಂಡಸರು ಬನ್ನಿ ಎಂದು ಕರೆದಿದ್ದಾನೆ. ಕಿಲಾರಿಯ ಮಾತು, ನಿಮ್ಮವರು ನಂಬಿದರು. ಒಂದು ಎತ್ತಿನ ಹೇರಿಗೆ ಮೂರು ತಲೆಯಂತೆ ನಲವತ್ತೊಂದು ಜನ. ಹದಿನಾಲ್ಕನೆಯ ಎತ್ತಿಗೆ ಇಬ್ಬರೇ ಸಿಕ್ಕಿದರು. ಆ ಇಬ್ಬರಲ್ಲಿ ಓಬಯ್ಯ ಒಬ್ಬ, ಮೂರನೆಯವನ ಪಾಲನ್ನೂ ಹೊತ್ತವನು. ಕೈಗುರುತು ಹಾಕಿದ್ದು ಮೂಟೆ ತೆಗೆದುಕೊಂಡದ್ದಕ್ಕೆ.

ಆ ಪುಸ್ತಕದಲ್ಲಿ ಮನುಷ್ಯರಿಗೆಂದು ಕಲಮು, ಅಂದರೆ ಅಂಕಣ, ಇಲ್ಲ. ಗುಮಾಸ್ತ ನಲವತ್ತೊಂದು ಹೆಸರನ್ನೂ ಎತ್ತಿನ ಕಲಮಿನಲ್ಲೇ ಬರೆದಿದ್ದಾನೆ. ಒಂದು ದಿನದ ದಾರಿ ಒಂಬತ್ತು ವಾರವಾಯಿತು, ಮಳೆಗಾಲ. ಬಾಡಿಗೆ ಮೂರು ತಿಂಗಳೂ ಪಾಲಯ್ಯನಿಗೆ ಸಂದಿದೆ. ಸೆಪ್ಟೆಂಬರಿನ ಹಾಜರಿಯಲ್ಲಿ ಹದಿನೇಳು ಹೆಸರಿನ ಮುಂದೆ ಮಾತ್ರ ‘ಹಾಜರ್’ ಎಂದಿದೆ. ಉಳಿದವರ ಮುಂದೆ, ಎತ್ತು ಸತ್ತು ಬಿದ್ದರೆ ಏನು ಗುರುತು ಹಾಕುತ್ತಾರೋ ಅದೇ ಗುರುತು.

ಇಲ್ಲಿಯವರೆಗೆ ಹೇಳಿದ್ದು ಪಾಲಯ್ಯನ ಕೆಲಸ. ಇನ್ನು ನನ್ನದು.

ನಾನು ಎಂಟು ವರ್ಷದವನಿದ್ದಾಗ ದಡ್ಡಿಯಲ್ಲಿ ಎತ್ತು ಎಣಿಸಿದೆ. ಅಜ್ಜನ ಲೆಕ್ಕಕ್ಕಿಂತ ಒಂದು ಕಡಿಮೆ. ಕೇಳಿದ್ದಕ್ಕೆ ಅಜ್ಜ ನಕ್ಕ. “ಮುಂದೆ ಬಂತಲ್ಲೋ, ಎರಡು ಕಾಲಿಂದು. ಅದು ಬದಲಿ ಎತ್ತು” ಅಂದ. ಆ ವರ್ಷ ಮೂಟೆ ಹೊತ್ತಿದ್ದವನು ನಿಮ್ಮಪ್ಪ. ನಮ್ಮ ಮನೆಯಲ್ಲಿ ಮೂಟೆಯವನಿಗೆ ಅದೇ ಹೆಸರು. ‘ಈ ವರ್ಷದ ಬದಲಿ ಎತ್ತು ಊಟಕ್ಕೆ ಕೂತಿದೆ, ಬಡಿಸ್ರಿ’ ಎನ್ನುವುದು ಹೆಂಗಸರ ನಗೆಮಾತು. ಯಾಕೆ ಬದಲಿ ಎಂದು ನಮಗೂ ಗೊತ್ತಿರಲಿಲ್ಲ, ಆಣೆ. ಆದರೆ ಅಣ್ಣ ನಿನ್ನ ಬೆನ್ನು ತಟ್ಟಿ ‘ಒಂದು’ ಅಂದಾಗ ಏನನ್ನು ಎಣಿಸುತ್ತಿದ್ದಾನೆ ಎಂಬುದು ಗೊತ್ತಿತ್ತು. ಇಪ್ಪತ್ತೆರಡು ವರ್ಷ ನಾನು ದಡ್ಡಿಯ ಬಾಗಿಲಲ್ಲಿ ನಿಂತು ನಿನ್ನನ್ನು ನೋಡಿದ್ದೇನೆ. ಆ ಮಾತು ನಾನೂ ಆಡಿದ್ದೇನೆ. ನಕ್ಕಿದ್ದೇನೆ.

ಚೆನ್ನೈನಿಂದ ಬಂದು ಅಣ್ಣನಿಗೆ ಹೇಳಿದೆ. “ಬೊಮ್ಮಗೆ ಹೇಳಬ್ಯಾಡ. ಹೇಳಿದ್ರೆ ಮೂಟೆ ಯಾರು ಹೊರ್ತಾರೆ, ನೀನಾ?” ಅಂದ. ಅದಕ್ಕೇ ನಿನ್ನನ್ನು ತಪ್ಪಿಸಿ ಬೋರಣ್ಣನಿಗೆ ದಾಟಿಸಲು ನೋಡಿದೆ. ನಿನಗೊಂದು ಉಪಕಾರ ಮಾಡಿದೆ ಎಂದೇ ಅಂದುಕೊಂಡಿದ್ದೆ. ಪಾಲಯ್ಯನೂ ಹಾಗೇ ಅಂದುಕೊಂಡಿರಬೇಕು.

ಈ ಪುಟ ಕಟ್ಟೆಯ ಮೇಲೆ ಇಟ್ಟರೆ ನಿನ್ನ ಹಕ್ಕು ಸಾಬೀತಾಗುತ್ತದೆ. ಪೂರ್ತಿ ಓದಿ ಹೇಳಿದರೆ ಈ ಪದ್ಧತಿಯೇ ನಿಲ್ಲುತ್ತದೆ. ಎರಡರಲ್ಲಿ ಯಾವುದನ್ನು ಮಾಡಿದರೂ ನಾನು ಬಂದು ಪಕ್ಕದಲ್ಲಿ ನಿಲ್ಲುತ್ತೇನೆ. ಕರೆದರೆ.

ಹೊನ್ನೂರ


ಕೆಳಗಿನ ಹಟ್ಟಿ
2 ಏಪ್ರಿಲ್ 1998

ಹೊನ್ನೂರ,

ಕರೆಯಲಿಲ್ಲ. ಬರುವೆಯೇನೋ ಎಂದು ಹಳ್ಳದ ಕಡೆ ಎರಡು ಸಲ ನೋಡಿದೆ.

ನಿನ್ನ ಕಾಗದ ಬಂದ ದಿನ ಊಟ ಸೇರಲಿಲ್ಲ. ನಿಮ್ಮ ಮನೆಯಲ್ಲಿ ನಾನು ಉಂಡ ಇಪ್ಪತ್ತೆರಡು ಊಟ ಒಂದೊಂದಾಗಿ ನೆನಪಾದವು. ಪ್ರತಿ ವರ್ಷ ಬಡಿಸುವಾಗ ನಿಮ್ಮ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ನಾನು ದೊಡ್ಡವನೆಂದು ನಾಚಿಕೆಪಡುತ್ತಾರೆ ಎಂದುಕೊಂಡಿದ್ದೆ. ಒಂದು ವರ್ಷ ‘ಇನ್ನೊಂದು ಹಿಡಿ ಹಾಕ್ರಮ್ಮ, ಎತ್ತಿನಂಗೆ ಉಣ್ತೀನಿ’ ಎಂದು ನಾನೇ ಅಂದಿದ್ದೆ. ಅವತ್ತು ಯಾಕೆ ಅಷ್ಟು ನಗು ಬಂತೆಂದು ಈಗ ತಿಳಿಯಿತು. ನನ್ನ ಹಾಸ್ಯಕ್ಕೆ ಸಿಕ್ಕ ದೊಡ್ಡ ಗೌರವ ಅದೊಂದೇ ಎಂದು ಹಿಗ್ಗಿದ್ದೆನಲ್ಲ.

ಪ್ರದೀಪನಿಗೆ, “ಬೇಡ, ಮಿಲ್ಲಿಗೆ ಹೋಗು” ಅಂದೆ. ಕಾರಣ ಕೇಳಿದ. ರುಮಾಲು ಪೆಟ್ಟಿಗೆ ಸೇರಿತು.

ಯುಗಾದಿಯ ಮಾರನೆಯ ದಿನ ಕಟ್ಟೆಗೆ ಹೋದೆ. ಪೂರ್ತಿ ಓದಿ ಹೇಳಬೇಕೆಂದೇ ಹೋದವನು. ನಕಲು ಅಂಗಿಯ ಒಳಜೇಬಿನಲ್ಲಿತ್ತು. ನಲವತ್ತೊಂದು ಹೆಸರೂ ತಪ್ಪದೆ ಬರುವಂತೆ ಹಿತ್ತಲಲ್ಲಿ ನಿಂತು ಎರಡು ಸಲ ಓದಿಕೊಂಡಿದ್ದೆ. ಹಿರಿಯರು ಕೇಳಿದರು:

“ಏನಪ್ಪಾ ಪೋಸ್ಟ್‌ಮಾಸ್ಟ್ರೇ, ಆಧಾರ ಐತಾ?”

ಎಲ್ಲರೂ ಕೂತಿದ್ದರು ಹೊನ್ನೂರ. ಚಾದಂಗಡಿಯಲ್ಲಿ ನನ್ನಿಂದ ಕಾರ್ಡು ಓದಿಸಿಕೊಂಡವರು, ನಾನು ಮೂಟೆ ಹೊತ್ತು ಹೋಗುವಾಗ ಕಾಲಿಗೆ ನೀರು ಹಾಕಿದವರು, ಎಲ್ಲರೂ. ಓಬಯ್ಯನ ಹೆಸರು ಓದಿದರೆ ಅವನೇನಾಗಿದ್ದ ಎಂದು ತಿಳಿಯುತ್ತದೆ. ಅದಕ್ಕೆ ನನಗೆ ನಾಚಿಕೆಯಿರಲಿಲ್ಲ, ಅವನು ಮೋಸ ಹೋದವನು. ಆದರೆ ಅದರ ಹಿಂದೆಯೇ ಇನ್ನೊಂದು ಲೆಕ್ಕ ಬರುತ್ತದೆ. ಇಪ್ಪತ್ತೆರಡು ವರ್ಷ ಎದೆ ಉಬ್ಬಿಸಿಕೊಂಡು ನಡೆದವನು ಏನಾಗಿದ್ದ ಎಂಬುದು. ಚೀಟಿ ಎತ್ತಿಸಲೆಂದು ಕರೆದು ಕೂರಿಸಿದ್ದ ಸಣ್ಣ ಹುಡುಗಿಯರಿಗೂ ಅದು ತಿಳಿಯುತ್ತದೆ. ಕಾಗದ ಜೇಬಿನಿಂದ ಅರ್ಧ ಹೊರಗೆ ಬಂದಿತ್ತು.

“ಇಲ್ರಪ್ಪ. ಅಕ್ಷರ ಮಾಸೈತಂತೆ” ಅಂದೆ.

ನಿನ್ನ ಮಾತೇ ನನ್ನ ಬಾಯಲ್ಲಿ ಬಂತು.

ಬೋರಣ್ಣ ನನ್ನ ಮುಖ ನೋಡಿದ. ಚೀಟಿ ಬೇಡ, ಅವನಿಗೇ ಬಿಟ್ಟುಕೊಡುತ್ತೇನೆ ಎಂದೆ. ದೊಡ್ಡ ಮನಸ್ಸು ಎಂದು ಹಿರಿಯರು ಹೊಗಳಿದರು. ಮೊನ್ನೆ ಅವನು ಹೊತ್ತ. ಹೊಸ ಪಂಚೆ ಉಟ್ಟಿದ್ದ. ಹಳ್ಳದ ನಡುವೆ ಕಾಲು ಜಾರಿದರೂ ಮೂಟೆ ಬೀಳಿಸಲಿಲ್ಲ. ಅವನ ಮಗಳು, ನಿನ್ನ ವಿದ್ಯಾರ್ಥಿನಿ, ಯಾರದೋ ಕ್ಯಾಮೆರಾ ತಂದು ಫೋಟೋ ತೆಗೆದಳು. ನಿನ್ನ ಅಣ್ಣ ನನ್ನ ಕಡೆ ಒಮ್ಮೆ ನೋಡಿ, ನಾನು ಸುಮ್ಮನಿದ್ದೇನೆಂದು ಖಚಿತ ಮಾಡಿಕೊಂಡು ಎಣಿಸಲು ಶುರುಮಾಡಿದ.

ನಿನಗೆ ಬರೆಯಬೇಕೆಂದು ಬೈಗುಳಗಳನ್ನು ಹದಿನೈದು ದಿನದಿಂದ ಕೂಡಿಡುತ್ತಿದ್ದೆ. ಒಳ್ಳೊಳ್ಳೆಯವಿದ್ದವು. ಈಗ ಒಂದೊಂದನ್ನೂ ಬರೆಯಲು ಹೋದರೆ ವಿಳಾಸ ನನ್ನದೇ ಬರುತ್ತಿದೆ.

ಮೊನ್ನೆ ಸಂಜೆಯೇ ಬೋರಣ್ಣ ಮನೆಗೆ ಬಂದ. ತಟ್ಟೆಯಲ್ಲಿ ಎಲೆಯಡಿಕೆ, ಒಂದು ತೆಂಗಿನಕಾಯಿ. ರೇಣುಕಮ್ಮನ ಎದುರಿಗೇ ಕಣ್ಣೊರೆಸಿಕೊಂಡ.

“ಅಣ್ಣ, ಇಷ್ಟು ವರ್ಷ ನಿನ್ನ ನೋಡಿ ಹೊಟ್ಟೆ ಉರಕೊಂಡಿದ್ದೆ. ನೀನು ಕೇಳದೇನೇ ಕೊಟ್ಟೆ. ಸಾಯೋವರೆಗೂ ಮರೆಯಲ್ಲ” ಎಂದು ಬಗ್ಗಿ ನನ್ನ ಕಾಲು ಮುಟ್ಟಿದ.

ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬೊಮ್ಮಲಿಂಗಪ್ಪ